ಮೀಟರ್ ಮುಟ್ಟದ ಕೈಗಳು

"ಇಸಿಎಂ ಹೋಗೈತೆ ಅಣ್ಣ, ಚೇಂಜ್ ಮಾಡ್ಬೇಕು."

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಹಿಡಿದು ಬಂಗಾರಪೇಟೆಯವರೆಗೆ ಗ್ಯಾರೇಜುಗಳಲ್ಲಿ, ಎಂಜಿನ್ನಿನ ಕಂಪ್ಯೂಟರ್ ಮಾಡ್ಯೂಲನ್ನೇ ಬದಲಾಯಿಸಬೇಕೆನ್ನುವ ಈ ಮಾತು ತುಂಬ ಸಲೀಸಾಗಿ ಹೊರಡುತ್ತದೆ. ಹೊರಡುವ ಮುಂಚೆ ಯಾರೂ ಬ್ಯಾಟರಿಯ ವೋಲ್ಟೇಜ್ ನೋಡಿರುವುದಿಲ್ಲ. ಒಂದು ಫ್ಯೂಸ್ ಕಿತ್ತಿರುವುದಿಲ್ಲ. ಮಲ್ಟಿಮೀಟರ್ ಎಲ್ಲೋ ಸ್ಪ್ಯಾನರುಗಳ ಕೆಳಗೆ ಬಿದ್ದಿರುತ್ತದೆ, ಅದರೊಳಗಿನ ಸೆಲ್ ಸತ್ತು ವರ್ಷವಾಗಿರುತ್ತದೆ. ಆಗಿರುವ ಕೆಲಸ ಇಷ್ಟು: ಸ್ಕ್ಯಾನರ್ ಹಾಕಿದ್ದಾರೆ, ಒಂದು ಕೋಡ್ ಬಂದಿದೆ, ಆ ಕೋಡಿನ ಪಕ್ಕ ಯಾವುದೋ ಒಂದು ಮಾಡ್ಯೂಲಿನ ಹೆಸರಿದೆ. ಅಷ್ಟಕ್ಕೇ ಹತ್ತಾರು ಸಾವಿರ ರೂಪಾಯಿಯ ಬಿಲ್ಲು ತಯಾರು. ಗಿರಾಕಿ ಸಾಲ ಮಾಡಿ ತಂದು ಕೊಡುತ್ತಾನೆ. ವಾರದೊಳಗೆ ಅದೇ ಎಚ್ಚರಿಕೆಯ ಲೈಟು ಮತ್ತೆ ಹತ್ತುತ್ತದೆ.

ಇದನ್ನು ಅಜ್ಞಾನ ಎಂದು ಕರೆದು ಮಾಫಿ ಮಾಡುವ ಕಾಲ ಎಂದೋ ಮುಗಿದಿದೆ. ಕಾರಿನ ಮಾಡ್ಯೂಲುಗಳು ಒಂದರೊಡನೊಂದು ಮಾತಾಡುವ ಕ್ಯಾನ್ ಪದ್ಧತಿಯನ್ನು ಜರ್ಮನಿಯ ಬಾಷ್ ಕಂಪನಿ ಪ್ರಕಟಿಸಿದ್ದು 1986ರಲ್ಲಿ. 1993ಕ್ಕೆ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಬಾಷ್ ಎಂದರೆ ನಮಗೇನೂ ಹೊರಗಿನವರಲ್ಲ, ಬೆಂಗಳೂರಿನ ಆಡುಗೋಡಿಯ ಮೈಕೋ ಎಂದೇ ನಮ್ಮ ಹಿರಿಯ ಮೇಸ್ತ್ರಿಗಳು ಬಲ್ಲ ಕಂಪನಿ ಅದು. ಆ ಮೇಸ್ತ್ರಿಗಳು ಮೈಕೋ ಡೀಸೆಲ್ ಪಂಪನ್ನು ಬೆಂಚಿನ ಮೇಲಿಟ್ಟು ಕ್ಯಾಲಿಬ್ರೇಷನ್ ಮಾಡದೆ ಗಾಡಿಗೆ ಕೂರಿಸುತ್ತಿರಲಿಲ್ಲ, ನಾಝಲ್ಲಿನ ಪ್ರೆಷರ್ ಗೇಜಿನಲ್ಲಿ ನೋಡದೆ ಬಿಗಿಯುತ್ತಿರಲಿಲ್ಲ. ಅಳೆದು ಕೆಲಸ ಮಾಡುವುದು ಈ ಊರಿಗೆ ಗೊತ್ತಿರುವ ವಿದ್ಯೆ. ಕಾರಿಗೆ ತಂತಿ ಜಾಸ್ತಿಯಾದ ಮೇಲೆ, ಕೈಗೆ ಸ್ಕ್ಯಾನರ್ ಬಂದ ಮೇಲೆ, ಆ ವಿದ್ಯೆಯನ್ನು ನಾವಾಗಿಯೇ ಬಿಟ್ಟುಕೊಟ್ಟೆವು.

ಒಂದು ಗಾಡಿ ಬಂತೆಂದು ಇಟ್ಟುಕೊಳ್ಳೋಣ. ಓಡುತ್ತಿದ್ದಾಗ ಸ್ಪೀಡೋಮೀಟರ್ ಮುಳ್ಳು ದಬಕ್ಕನೆ ಸೊನ್ನೆಗೆ ಬಿತ್ತು, ಎಬಿಎಸ್ ಲೈಟು ಹತ್ತಿತು, ಸ್ಟೀರಿಂಗ್ ಲೈಟೂ ಹತ್ತಿತು, ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಸ್ಕ್ಯಾನರ್ ಹಾಕಿದರೆ ಎಂಜಿನ್ ಮಾಡ್ಯೂಲಿನಲ್ಲಿ ಯು-0121, ಸ್ಟೀರಿಂಗ್ ಮಾಡ್ಯೂಲಿನಲ್ಲಿ ಯು-0121, ಮೀಟರ್ ಬೋರ್ಡಿನಲ್ಲೂ ಯು-0121. 'ಎಬಿಎಸ್ ಮಾಡ್ಯೂಲಿನ ಜೊತೆ ಸಂಪರ್ಕ ತಪ್ಪಿದೆ' ಎಂಬುದು ಈ ಕೋಡಿನ ಅರ್ಥ. ಮೂವರು ಒಂದೇ ದೂರು ಕೊಡುತ್ತಿದ್ದಾರೆ, ನಾಲ್ಕನೆಯವನು ಮಾತಾಡುತ್ತಿಲ್ಲ ಎಂದು. ದೂರು ಕೊಟ್ಟ ಮೂವರಲ್ಲಿ ಕೆಟ್ಟಿರುವುದು ಏನೂ ಇಲ್ಲ. ನಾಲ್ಕನೆಯವನು ಏಕೆ ಸುಮ್ಮನಾದ ಎಂಬುದನ್ನು ಕೋಡ್ ಹೇಳುವುದೂ ಇಲ್ಲ, ಹೇಳಲು ಅದಕ್ಕೆ ಬರುವುದೂ ಇಲ್ಲ. ಅವನಿಗೆ ಕರೆಂಟು ಬಂದಿಲ್ಲದಿರಬಹುದು, ಅರ್ತ್ ಕಚ್ಚಿಲ್ಲದಿರಬಹುದು, ಅವನತ್ತ ಹೋಗುವ ಎರಡು ತಂತಿಗಳಲ್ಲಿ ಒಂದು ತುಂಡಾಗಿರಬಹುದು. ಇವೆಲ್ಲ ಸರಿಯಿದ್ದ ಮೇಲೆ ಮಾತ್ರ ಅವನೇ ಕೆಟ್ಟಿರಬಹುದು ಎನ್ನಲು ಅವಕಾಶ.

ಈಗ ನಮ್ಮಲ್ಲಿ ಆಗುವುದೇನು ನೋಡಿ. ಮೊದಲ ದಿನ ಕೋಡ್ ಅಳಿಸಿ ಇನ್ನೂರೋ ಮುನ್ನೂರೋ ತೆಗೆದುಕೊಂಡು ಕಳಿಸುತ್ತಾರೆ. ಕೋಡ್ ಎಷ್ಟು ಸಲ ಬಂದಿತ್ತು, ಯಾವ ಮಾಡ್ಯೂಲಿನಲ್ಲಿ ಮೊದಲು ಬಂತು, ಆಗ ವೋಲ್ಟೇಜ್ ಎಷ್ಟಿತ್ತು ಎಂಬ ದಾಖಲೆ ಆ ಒಂದು ಬಟನ್ನಿಗೆ ಅಳಿಸಿಹೋಗುತ್ತದೆ. ಒಂದು ಫೋಟೋ ಕೂಡ ತೆಗೆದಿಟ್ಟುಕೊಂಡಿರುವುದಿಲ್ಲ. ಮೂರನೇ ದಿನ ಗಾಡಿ ವಾಪಸ್ ಬರುತ್ತದೆ. ಆಗ ಎಬಿಎಸ್ ಯೂನಿಟ್ ಹೋಗಿದೆ ಎಂಬ ತೀರ್ಪು. ಹೊಸದಕ್ಕೆ ಗಿರಾಕಿ ಹೆದರುತ್ತಾನೆ, ಸರಿ, ಬೆಂಗಳೂರಿನ ಗುಜರಿಯಿಂದ ಹಳೆಯದೊಂದು ಬರುತ್ತದೆ. ಅದು ಬೇರೆ ಗಾಡಿಯದು, ಕೋಡಿಂಗ್ ಬೇರೆ, ಕೂರಿಸಿದ ಮೇಲೆ ಇನ್ನೆರಡು ಹೊಸ ಲೈಟು ಹತ್ತುತ್ತವೆ. ಎಂಜಿನ್ ಮಾಡ್ಯೂಲನ್ನೇ ಹೀಗೆ ಬದಲಾಯಿಸಿದವರ ಪಾಡು ಇನ್ನೂ ಕಷ್ಟ. ಇಮ್ಮೊಬಿಲೈಸರ್‌ಗೆ ಕೀ ಹೊಂದದೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಓಡಿಕೊಂಡು ಬಂದ ಗಾಡಿ ಟೋ ಮಾಡಿಸಿಕೊಂಡು ಹೋಗುತ್ತದೆ.

ಅದೇ ಗಾಡಿಯ ಎಬಿಎಸ್ ಕಪ್ಲರನ್ನು ಮೊದಲ ದಿನವೇ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ್ದರೆ? ಹಲವು ಕಾರುಗಳಲ್ಲಿ ಈ ಯೂನಿಟ್ ಬಾನೆಟ್ಟಿನ ಕೆಳಗೇ ಇರುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ಗನ್ನಿನ ನೀರು ನೇರ ಅದರ ಮೇಲೆ ಬೀಳುತ್ತದೆ. ಕಪ್ಲರಿನ ರಬ್ಬರ್ ಸೀಲ್ ಸ್ವಲ್ಪ ಜರುಗಿದ್ದರೆ ಸಾಕು, ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕೂರುತ್ತದೆ. ಅರ್ತ್ ತಂತಿಯ ಬೋಲ್ಟು ಬ್ಯಾಟರಿ ತಟ್ಟೆಯ ಕೆಳಗಿದ್ದರೆ ಆಸಿಡ್ ತಿಂದಿರುತ್ತದೆ. ಟಿಂಕರಿಂಗ್ ಆದ ಗಾಡಿಯಾದರೆ ಅರ್ತ್ ಕೂರುವ ಜಾಗದ ಮೇಲೇ ಬಣ್ಣ ಹೊಡೆದು, ಬಣ್ಣದ ಮೇಲೆ ಬೋಲ್ಟ್ ಬಿಗಿದಿರುತ್ತಾರೆ. ಕಪ್ಲರ್ ಬಿಚ್ಚಿ ಅದರ ದಪ್ಪ ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬ್ ಹಿಡಿದು ನೋಡಿ. ತಂತಿಯ ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಸುಮಾರು ಎರಡು ಆಂಪಿಯರ್ ಎಳೆಯುವ ಬಲ್ಬ್ ಮಾತ್ರ ಆಗ ಮಿಣುಕುತ್ತದೆ, ಸತ್ಯ ಹೊರಬರುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಅರ್ತ್ ಪಿನ್ನಿಗೂ ಇಟ್ಟರೆ 0.1 ವೋಲ್ಟಿನ ಆಸುಪಾಸು ಇರಬೇಕು. ಅರ್ಧ ವೋಲ್ಟು, ಒಂದು ವೋಲ್ಟು ಬಂದರೆ ಕಳ್ಳ ಸಿಕ್ಕಿದ. ಒಂದು ಬೋಲ್ಟು ಬಿಚ್ಚಿ, ಉಪ್ಪುಕಾಗದ ಆಡಿಸಿ, ಬಿಗಿದರೆ ಮುಗಿಯುವ ಕೆಲಸ ಅದು.

ಇದೇ ಬಲ್ಬನ್ನು ಕ್ಯಾನ್ ತಂತಿಗೆ ಹಿಡಿಯುವವರೂ ನಮ್ಮಲ್ಲಿದ್ದಾರೆ. ಅವರಿಗೆ ಖಂಡಿತವಾಗಿ ಹೇಳಬೇಕು: ಆ ಎರಡು ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಕೂಡದು. ಸುಮ್ಮನಿರುವಾಗ ಎರಡೂ ತಂತಿ 2.5 ವೋಲ್ಟಿನಲ್ಲಿರುತ್ತವೆ. ಮಾತಾಡುವಾಗ ಹೈ ತಂತಿ 3.5ಕ್ಕೆ ಏರುತ್ತದೆ, ಲೋ ತಂತಿ 1.5ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 5 ಲಕ್ಷ ಬಿಟ್‌ಗಳ ವೇಗದಲ್ಲಿ ಓಡುವ ಜಾಲದಲ್ಲಿ ಒಂದೊಂದು ಬಿಟ್ ನಿಲ್ಲುವುದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನಷ್ಟು ಹೊತ್ತು ಮಾತ್ರ. ಇಷ್ಟು ನಯದ ಕೆಲಸಕ್ಕೆ 12 ವೋಲ್ಟಿನ ಬಲ್ಬ್ ಹಿಡಿದು "ಕರೆಂಟ್ ಬರ್ತಾ ಇಲ್ಲ" ಎಂದು ತೀರ್ಪು ಕೊಡುವುದು, ಸೂಜಿಯಿಂದ ತಂತಿಯ ಹೊದಿಕೆ ಚುಚ್ಚಿ ಹಾಗೇ ಬಿಟ್ಟುಹೋಗುವುದು, ಎರಡೂ ಗಾಡಿಗೆ ಹೊಸ ರೋಗ ಅಂಟಿಸುವ ಕೆಲಸಗಳು. ಇಂದು ಚುಚ್ಚಿದ ತೂತಿನಿಂದ ಮುಂದಿನ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ.

ಅಳೆಯುವುದಕ್ಕೆ ಬೇಕಾದ್ದು ರಾಕೆಟ್ ವಿದ್ಯೆಯಲ್ಲ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ. ಬ್ಯಾಟರಿಯ ಮೈನಸ್ ತೆಗೆದು, ಮಾಡ್ಯೂಲುಗಳೆಲ್ಲ ಮಲಗಲು ಕೆಲವು ನಿಮಿಷ ಬಿಟ್ಟು, ಈ ಎರಡು ಪಿನ್ನುಗಳ ನಡುವೆ ಓಮ್ ನೋಡಿದರೆ 60 ಬರಬೇಕು. ಜಾಲದ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಎರಡೂ ಸೇರಿ 60. ಬಂದದ್ದು 120 ಆದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಗೆ ಹತ್ತಿರವಾದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 40ರ ಹತ್ತಿರ ಬಂದರೆ ಯಾರೋ ಬೇರೆ ಗಾಡಿಯ ಮಾಡ್ಯೂಲ್ ತಂದು ಕೂರಿಸಿ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆಯೇ ಎಂದು ಹುಡುಕಬೇಕು. ಆಮೇಲೆ ಬ್ಯಾಟರಿ ಕೊಟ್ಟು, ಕೀ ಆನ್ ಮಾಡಿ, ಒಂದೊಂದು ಪಿನ್ನನ್ನೂ ಅರ್ತ್‌ಗೆ ಹೋಲಿಸಿ ವೋಲ್ಟೇಜ್ ನೋಡಿದರೆ ಸರಿಯಿರುವ ಜಾಲದಲ್ಲಿ ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಅಷ್ಟೇ ಕೆಳಗೆ ಇರುತ್ತದೆ. ಎರಡನ್ನೂ ಕೂಡಿದರೆ 5ರ ಹತ್ತಿರ. ಒಂದು ತಂತಿ ಸೊನ್ನೆಗೆ ಅಂಟಿಕೊಂಡಿದ್ದರೆ ಬಾಡಿಗೆ ತಾಗಿದೆ, 12ರಲ್ಲಿದ್ದರೆ ಬ್ಯಾಟರಿ ಲೈನಿಗೆ ತಾಗಿದೆ.

ಇದನ್ನು ಕಲಿತವರಲ್ಲೂ ಒಂದು ಉದಾಸೀನ ಬೆಳೆದಿದೆ. "60 ಬಂತು, ಲೈನ್ ಓಕೆ" ಎಂದು ಮೀಟರ್ ಮಡಚಿಡುವುದು. ಮುಖ್ಯ ತಂತಿಯಿಂದ ಎಬಿಎಸ್ ಕಡೆಗೆ ಕವಲೊಡೆದ ತಂತಿ ತುಂಡಾಗಿದ್ದರೂ, ತುದಿಯ ರೆಸಿಸ್ಟರುಗಳಿಗೆ ಪೆಟ್ಟಾಗದಿದ್ದರೆ, 60 ಬಂದೇ ಬರುತ್ತದೆ. ಸಾಕೆಟ್ಟಿಗೂ ಒಳಗಿನ ಜಾಲಗಳಿಗೂ ನಡುವೆ ಗೇಟ್‌ವೇ ಎಂಬ ಮಾಡ್ಯೂಲ್ ಇರುವ ಗಾಡಿಗಳಲ್ಲಿ 6 ಮತ್ತು 14ನೇ ಪಿನ್ನುಗಳು ಗೇಟ್‌ವೇ ತನಕದ ತಂತಿಯನ್ನಷ್ಟೇ ತೋರಿಸುತ್ತವೆ, ಒಳಗಿನ ಜಾಲಗಳನ್ನು ಬೇರೆಯಾಗಿ ಅಳೆಯಬೇಕು. ವೈರಿಂಗ್ ನಕ್ಷೆ ಬಿಚ್ಚಿ ಯಾವ ಕಪ್ಲರ್ ಎಲ್ಲಿದೆ ಎಂದು ನೋಡದೆ ಈ ಕೆಲಸ ಆಗದು. ಫೋನಿನಲ್ಲಿ ಗಂಟೆಗಟ್ಟಲೆ ರೀಲ್ಸ್ ನೋಡುವ ಹುಡುಗರು ನಕ್ಷೆಯ ಒಂದು ಪುಟ ತೆರೆಯಲು ಏಕೆ ಬೇಸರಪಡುತ್ತಾರೆ? ಗುರುಗಳು ತೆರೆದದ್ದನ್ನು ಅವರು ನೋಡಿಲ್ಲ.

ಕ್ಯಾನ್ ಪದ್ಧತಿಯನ್ನು ರಚಿಸಿದವರ ಒಂದು ನಿರ್ಧಾರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಜಾಲದ ಪ್ರತಿಯೊಂದು ಮಾಡ್ಯೂಲೂ ತನ್ನ ತಪ್ಪನ್ನು ತಾನೇ ಲೆಕ್ಕ ಇಡುತ್ತದೆ. ಕಳಿಸಿದ ಸಂದೇಶ ಕೆಟ್ಟರೆ ಲೆಕ್ಕ 8 ಏರುತ್ತದೆ, ಸರಿಯಾಗಿ ಹೋದರೆ 1 ಇಳಿಯುತ್ತದೆ. 127 ದಾಟಿದರೆ ಅದು ಬೇರೆಯವರ ಮಾತಿಗೆ ಅಡ್ಡಿಮಾಡುವ ಹಕ್ಕನ್ನು ಬಿಟ್ಟುಕೊಡುತ್ತದೆ. 255 ದಾಟಿದರೆ ತಾನೇ ಜಾಲದಿಂದ ಹೊರಗೆ ನಿಲ್ಲುತ್ತದೆ, ತನ್ನಿಂದ ಉಳಿದವರು ಕೆಡಬಾರದೆಂದು. ಉಗುರಿನಷ್ಟಿರುವ ಒಂದು ಚಿಪ್ಪಿಗೆ ಇರುವ ಈ ಶಿಸ್ತು ಅದನ್ನು ರಿಪೇರಿ ಮಾಡಲು ಕೂತವರಿಗೆ ಬೇಡವೇ? ಈ ತಿಂಗಳು ಎಷ್ಟು ಮಾಡ್ಯೂಲ್ ಬದಲಾಯಿಸಿದಿರಿ, ಅದರಲ್ಲಿ ಎಷ್ಟು ಗಾಡಿ ಅದೇ ದೂರಿನೊಂದಿಗೆ ವಾಪಸ್ ಬಂದವು ಎಂಬ ಲೆಕ್ಕ ಎಷ್ಟು ಗ್ಯಾರೇಜುಗಳ ಪುಸ್ತಕದಲ್ಲಿದೆ?

ಕಂಪನಿ ಶೋರೂಮುಗಳು ಇದರಿಂದ ಹೊರತಲ್ಲ. ಅಲ್ಲಿ ಮೀಟರಿದೆ, ನಕ್ಷೆಯಿದೆ, ತರಬೇತಿಯೂ ಇದೆ. ಆದರೂ ಒಂದು ಪಿನ್ನಿನ ಕಿಲುಬಿಗೆ ಇಡೀ ಹಾರ್ನೆಸ್ ಬದಲಾಯಿಸಬೇಕೆಂಬ ಎಸ್ಟಿಮೇಟ್ ಗಿರಾಕಿಯ ಕೈಗೆ ಬರುತ್ತದೆ. ಪಾರ್ಟ್ ಮಾರಿದರೆ ಟಾರ್ಗೆಟ್ ತುಂಬುತ್ತದೆ, ಪಿನ್ ಒರೆಸಿದರೆ ತುಂಬುವುದಿಲ್ಲ. ಏಸಿ ಲೌಂಜಿನಲ್ಲಿ ಕೂರಿಸಿ ಕಾಫಿ ಕೊಟ್ಟರೆ ಈ ತಪ್ಪು ಸಣ್ಣದಾಗುವುದಿಲ್ಲ.

ಗಾಡಿ ಮಾಲೀಕರೇ, ನಿಮ್ಮನ್ನೂ ಬಿಡುವ ಹಾಗಿಲ್ಲ. ಈ ಕೆಟ್ಟ ರೂಢಿಗೆ ನೀರೆರೆದವರು ನೀವೇ. ಒಂದು ಗಂಟೆ ಕೂತು ಅಳೆದು, ತಪ್ಪು ಎಲ್ಲಿದೆ ಎಂದು ತೋರಿಸಿದವನು ಐನೂರು ಕೇಳಿದರೆ "ನೋಡಿದ್ದಕ್ಕೂ ದುಡ್ಡಾ? ಏನೂ ಹಾಕೇ ಇಲ್ವಲ್ಲ!" ಎಂದು ಜಗಳಕ್ಕೆ ನಿಲ್ಲುತ್ತೀರಿ. ಹದಿನೈದು ಸಾವಿರದ ಡಬ್ಬಿಯೊಂದನ್ನು ತೋರಿಸಿ "ಇದನ್ನ ಹಾಕಿದ್ದೀನಿ" ಎಂದವನಿಗೆ ಮಾತಿಲ್ಲದೆ ಕೊಡುತ್ತೀರಿ. ಬುದ್ಧಿಗೆ ಕೂಲಿ ಇಲ್ಲ, ಡಬ್ಬಿಗೆ ಮಾತ್ರ ದುಡ್ಡು ಎಂದು ನೀವು ಕಲಿಸಿಕೊಟ್ಟ ಮೇಲೆ ಮೇಸ್ತ್ರಿ ಡಬ್ಬಿಯನ್ನೇ ಹುಡುಕುತ್ತಾನೆ. ಪ್ರಾಮಾಣಿಕವಾಗಿ ಅಳೆಯುವ ಹುಡುಗ ಎರಡು ವರ್ಷ ಹೊಟ್ಟೆ ಕಟ್ಟಿ ದುಡಿದು, ಮೂರನೇ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ. ಊರಿನಲ್ಲಿ ಉಳಿಯುವುದು ಕೋಡ್ ಅಳಿಸುವವರು.

"ಓಡ್ತಾ ಐತಲ್ಲ, ಬಿಡು" ಎಂಬ ಇನ್ನೊಂದು ಮಾತಿದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಸರ್ಕಾರ ಕಡ್ಡಾಯ ಮಾಡಿದ್ದನ್ನು ನಾವು ಒಂದು ಕಪ್ಲರಿನ ಕಿಲುಬಿನಿಂದ ರದ್ದು ಮಾಡಿಕೊಂಡು ಓಡಾಡುತ್ತಿದ್ದೇವೆ. ಎಬಿಎಸ್ ಲೈಟು ಹತ್ತಿದ ಗಾಡಿಯ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತದೆ, ಹೌದು. ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಅದುಮಿದಾಗ ಚಕ್ರ ಲಾಕ್ ಆಗದಂತೆ ಕಾಯುವವರು ಯಾರೂ ಇರುವುದಿಲ್ಲ. ಏರ್‌ಬ್ಯಾಗ್ ಲೈಟು ಹತ್ತಿದ್ದರೆ ಡಿಕ್ಕಿಯ ದಿನ ಅದು ತೆರೆಯುತ್ತದೆಂಬ ನಂಬಿಕೆ ಇಟ್ಟುಕೊಳ್ಳುವಂತಿಲ್ಲ. ಆ ಲೈಟು ಕಾಣದಂತೆ ಮೀಟರ್ ಬೋರ್ಡಿನ ಮೇಲೆ ಟೇಪು ಅಂಟಿಸುವವರು, ದುಡ್ಡು ಕೊಟ್ಟು ಲೈಟನ್ನೇ ಆಫ್ ಮಾಡಿಸುವವರು ಇದ್ದಾರೆ. ಹಾಗೆ ಮಾಡಿಸಿದ ಗಾಡಿಯನ್ನು ಇನ್ನೊಬ್ಬರಿಗೆ ಮಾರುವವರೂ ಇದ್ದಾರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಪಕ್ಕಕ್ಕೇ ಬಂದಿದೆ. ಬಜಾರ್ ರಸ್ತೆಯಲ್ಲಿ ಮೂವತ್ತರಲ್ಲಿ ಓಡುತ್ತಿದ್ದ ಗಾಡಿ ಈಗ ನೂರರಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡುತ್ತದೆ.

ಮತ್ತೆ ಗಾಡಿ ಕೊಂಡ ವಾರದಲ್ಲೇ ಶುರುವಾಗುವ ಅಲಂಕಾರ. ಎಲ್‌ಇಡಿ, ದೊಡ್ಡ ಹಾರ್ನು, ಕ್ಯಾಮೆರಾ, ಪರದೆ, ಹಳದಿ ಬೋರ್ಡಾದರೆ ಜಿಪಿಎಸ್ ಟ್ರ್ಯಾಕರ್. ಟ್ರ್ಯಾಕರ್ ಕಾನೂನಿನ ಅಗತ್ಯ, ಅದನ್ನು ಬೇಡ ಎನ್ನಲಾಗದು. ಕೂರಿಸುವ ರೀತಿಯ ಬಗ್ಗೆ ನನ್ನ ತಕರಾರು. ಸಿಕ್ಕ ತಂತಿಯ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ, ಇನ್ನೊಂದು ತಂತಿ ಸುತ್ತಿ, ಇನ್ಸುಲೇಷನ್ ಟೇಪು ಎಳೆದುಬಿಟ್ಟರೆ ಕೆಲಸ ಮುಗಿಯಿತು. ಕೋಲಾರದ ಬೇಸಿಗೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ತಾಮ್ರ ಬಯಲಾಗುತ್ತದೆ. ಕ್ಯಾನ್ ತಂತಿಗಳೆರಡನ್ನೂ ಒಂದಕ್ಕೊಂದು ಹೆಣೆದಿರುವುದು ಚಂದಕ್ಕಲ್ಲ, ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗಲಿ ಎಂದು. ರಿಪೇರಿ ಮಾಡುವಾಗ ಆ ಹೆಣಿಗೆಯನ್ನು ಗೇಣುದ್ದ ಬಿಚ್ಚಿ, ಒಂದನ್ನು ಆ ಕಡೆ ಒಂದನ್ನು ಈ ಕಡೆ ಎಳೆದು ಜಾಯಿಂಟ್ ಹಾಕಿದರೆ ಹಾರ್ನ್ ಒತ್ತಿದಾಗಲೆಲ್ಲ ಕೋಡ್ ಬರುವ ಗಾಡಿ ತಯಾರಾಗಬಹುದು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಹಾಕಿ, ಎರಡು ಜಾಯಿಂಟುಗಳನ್ನು ಎದುರುಬದುರಾಗಿಡದೆ, ಹೆಣಿಗೆ ಮತ್ತೆ ಹೆಣೆಯುವುದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಬೇಕು.

ಈ ಮಾತನ್ನೆಲ್ಲ ಬೇರೆ ಊರಿನವರಿಗೆ ಹೇಳಬೇಕಾಗಿ ಬಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದದ್ದು ಕೆಜಿಎಫ್‌ನ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಶಾಫ್ಟಿನಲ್ಲಿ ಜನರನ್ನು ತುಂಬಿದ ಕೇಜು ಇಳಿಯುತ್ತಿದ್ದದ್ದು, ಏರುತ್ತಿದ್ದದ್ದು ಗಂಟೆಯ ಸಂಕೇತದ ಮೇಲೆ. ಕೆಳಗಿನವನು ಕೊಟ್ಟ ಸಂಕೇತ ಮೇಲೆ ವೈಂಡಿಂಗ್ ಎಂಜಿನ್ ನಡೆಸುವವನಿಗೆ ಸ್ಪಷ್ಟವಾಗಿ ಕೇಳದಿದ್ದರೆ ಅವನು ಯಂತ್ರ ಕದಲಿಸುವಂತಿರಲಿಲ್ಲ, ಸಂಕೇತ ಮತ್ತೆ ಸರಿಯಾಗಿ ಬರುವ ತನಕ ಕಾಯಬೇಕಿತ್ತು. "ಇದೇ ಇರಬೇಕು" ಎಂಬ ಅಂದಾಜಿಗೆ ಅಲ್ಲಿ ಜಾಗವೇ ಇರಲಿಲ್ಲ, ಅಂದಾಜು ತಪ್ಪಿದರೆ ಹೆಣ ಮೇಲೆ ಬರುತ್ತಿತ್ತು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ಗ್ಯಾರೇಜುಗಳಲ್ಲಿದ್ದಾರೆ. ಮನೆಯಲ್ಲಿ ಅಜ್ಜಂದಿರಿದ್ದರೆ ಅವರನ್ನು ಕೇಳಲಿ, ಅರ್ಧ ಕೇಳಿದ ಸಂಕೇತದ ಮೇಲೆ ಯಂತ್ರ ಓಡಿಸಿದವನನ್ನು ಗಣಿಯಲ್ಲಿ ಏನು ಮಾಡುತ್ತಿದ್ದರು ಎಂದು.

ಐಟಿಐಗಳಲ್ಲಿ ಪಾಠ ಹೇಳುವವರಿಗೆ ಒಂದು ಮಾತು. ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡಿನಲ್ಲಿ ಎರಡು ವರ್ಷ ಕಳೆದು ಹೊರಬರುವ ಹುಡುಗ 2020ರ ಏಪ್ರಿಲ್‌ನ ನಂತರದ ಬಿಎಸ್-6 ಗಾಡಿಗಳನ್ನೇ ರಿಪೇರಿ ಮಾಡಬೇಕಾದವನು. ಬೆಮೆಲ್‌ನಂಥ ಕಾರ್ಖಾನೆ ಇರುವ ಊರು ಇದು, ಇಂದಿನ ಭಾರಿ ಯಂತ್ರಗಳೊಳಗೆ ಓಡುವುದೂ ಇದೇ ಕ್ಯಾನ್. ಬೋರ್ಡಿನ ಮೇಲೆ ಚಿತ್ರ ಬರೆದು ದಾಟಿಸುವ ಪಾಠ ಇದಲ್ಲ. ಎರಡು ಮಾಡ್ಯೂಲು, ಎರಡು ತಂತಿ, ಎರಡು ರೆಸಿಸ್ಟರ್ ಗುಜರಿಯಿಂದ ತಂದು ಮೇಜಿನ ಮೇಲೆ ಜೋಡಿಸಿ. ಒಂದು ತಂತಿ ಕತ್ತರಿಸಿ, ಹುಡುಗನ ಕೈಗೆ ಮೀಟರ್ ಕೊಟ್ಟು ಎಲ್ಲಿ ಕತ್ತರಿಸಿದೆ ಹೇಳು ಎನ್ನಿ. ಹೇಳುವ ತನಕ ಪಾಸ್ ಮಾಡಬೇಡಿ.

ಮಾಲೀಕರು ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸ ಒಂದಿದೆ. ಮಾಡ್ಯೂಲ್ ಬದಲಾಯಿಸಬೇಕು ಎಂದವರ ಹತ್ತಿರ ನಾಲ್ಕು ಅಂಕಿ ಬರೆಸಿಕೊಳ್ಳಿ: ಬ್ಯಾಟರಿ ವೋಲ್ಟೇಜು, ಆ ಮಾಡ್ಯೂಲಿನ ಕಪ್ಲರಿನಲ್ಲಿ ಲೋಡ್ ಕೊಟ್ಟು ನೋಡಿದ ಪವರು, ಅರ್ತ್‌ನ ಡ್ರಾಪು, ಕ್ಯಾನ್ ತಂತಿಗಳ ಓಮು. ಬರೆದುಕೊಟ್ಟವರಿಗೆ ಅಳೆದದ್ದಕ್ಕೆ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ, ಪಾರ್ಟ್ ಹಾಕದಿದ್ದರೂ ಕೊಡಿ. ಬರೆದುಕೊಡಲು ಆಗದವರ ಕೈಗೆ ಗಾಡಿ ಬಿಡಬೇಡಿ.